ಕಂಪನಿ ಬಿಟ್ಟವರೊಡನೆ ಹೋಗುವುದೇನು, ಉಳಿಯುವುದೇನು?
ಕುಸ್ತಿ ಕಂಪನಿ, ನಾಟಕ ಕಂಪನಿ ಹಾಗೂ ಕೊಬ್ಬರಿ ಮಂಡಿ: ಒಂದು ತುಲನಾತ್ಮಕ ಅಧ್ಯಯನ

ಪೀಠಿಕೆ

ವ್ಯಾಪಾರ ಸಂಸ್ಥೆಯೊಂದರ ಆಸ್ತಿಗಳಲ್ಲಿ ಕಟ್ಟಡ, ಯಂತ್ರ, ದಾಸ್ತಾನು ಮತ್ತು ಬರಬೇಕಾದ ಬಾಕಿಗಳು ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳ ಜೊತೆಗೆ, ಯಾವ ಪಟ್ಟಿಯಲ್ಲೂ ಕಾಣದೆ ಪ್ರತಿದಿನ ಸಂಜೆ ಬಾಗಿಲು ದಾಟಿ ಮನೆಗೆ ಹೋಗಿ ಮರುದಿನ ಬೆಳಿಗ್ಗೆ ಹಿಂದಿರುಗುವ ಆಸ್ತಿಯೊಂದಿದೆ. ಅದು ಕೆಲಸ ಬಲ್ಲ ಮನುಷ್ಯ. ಒಂದು ದಿನ ಅವನು ಹಿಂದಿರುಗದೆ ಎದುರು ಸಾಲಿನ ಮಂಡಿಗೆ ಹೋದಾಗ ಮಾಲೀಕನಿಗೆ ಸಾಮಾನ್ಯವಾಗಿ ಮೊದಲು ಬರುವುದು ಕೋಪ, ಅನಂತರ ಭಯ. ಲೆಕ್ಕಾಚಾರ ಬರುವುದು ಕೊನೆಯಲ್ಲಿ. ಈ ಕ್ರಮವನ್ನು ತಿರುಗಿಸಿ, ಲೆಕ್ಕಾಚಾರವನ್ನು ಮೊದಲಿಗೆ ತರುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಅಟ್ಟದ ಮೇಲೆ ಎಂಟು-ಹತ್ತು ತಿಂಗಳು ಒಣಗಿದ ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಇಲ್ಲವೇ ಎಂದು ಹೇಳಬಲ್ಲವರು, ರಾಶಿಯನ್ನು ಒಮ್ಮೆ ನೋಡಿ ದರ್ಜೆ ಗುರುತಿಸಬಲ್ಲವರು, ಅರಳಗುಪ್ಪೆಯಂಥ ಹಳ್ಳಿಗಳ ರೈತರನ್ನು ಹೆಸರು ಹಿಡಿದು ಕರೆಯಬಲ್ಲ ಗುಮಾಸ್ತರು ಇಲ್ಲಿನ ವ್ಯಾಪಾರದ ಬೆನ್ನೆಲುಬು. ಇಂಥವರು ಸಂಸ್ಥೆ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಅರಿಯಲು, ಜನರ ಹೆಸರನ್ನೇ ಸರಕನ್ನಾಗಿ ಮಾಡಿಕೊಂಡ ಎರಡು ಉದ್ಯಮಗಳನ್ನು ಪರಿಶೀಲಿಸುವುದು ಉಪಯುಕ್ತ. ಒಂದು, ದೂರದರ್ಶನದ ಮೂಲಕ ನಮ್ಮ ಮನೆಮನೆಗೂ ಬಂದ ಅಮೆರಿಕದ ಕುಸ್ತಿ ಪ್ರದರ್ಶನ. ಇನ್ನೊಂದು, ಇದೇ ರೈಲು ಮಾರ್ಗದಲ್ಲಿರುವ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ.

1. ಗರಡಿಯ ಕುಸ್ತಿ ಮತ್ತು ಕಂಪನಿಯ ಕುಸ್ತಿ

ನಮ್ಮ ಗರಡಿಯ ಪೈಲ್ವಾನನಿಗೂ ಅಮೆರಿಕದ ವೃತ್ತಿಪರ ಕುಸ್ತಿ ಪ್ರದರ್ಶನದ ಜಟ್ಟಿಗೂ ಮೂಲಭೂತ ವ್ಯತ್ಯಾಸವಿದೆ. ಮೈಸೂರು ದಸರಾದ ಅಖಾಡದಲ್ಲಿ ಗೆದ್ದವನು ತನ್ನ ಬಲದಿಂದ, ಪಟ್ಟಿನಿಂದ ಗೆಲ್ಲುತ್ತಾನೆ. ಅವನು ಯಾವ ಊರಿನ ಕಣಕ್ಕೆ ಹೋದರೂ ಗೆಲುವು ಅವನೊಡನೆ ಹೋಗುತ್ತದೆ. ಕಂಪನಿಯ ಕುಸ್ತಿಯಲ್ಲಿ ಸೋಲು-ಗೆಲುವು ಮೊದಲೇ ನಿರ್ಧಾರವಾಗಿರುತ್ತದೆ. ಪಾತ್ರ, ಉಡುಪು, ಹೆಸರು, ಪ್ರವೇಶದ ಸಂಗೀತ, ಜಗಳದ ಕಥೆ ಎಲ್ಲವನ್ನೂ ಕಂಪನಿ ಸಿದ್ಧಪಡಿಸುತ್ತದೆ. ದೇಹಶ್ರಮ ನಿಜವಾದುದೇ ಆದರೂ ಪ್ರದರ್ಶನದ ಸ್ವರೂಪ ರಂಗಭೂಮಿಯದು. ಆದ್ದರಿಂದ ಅದರ ನಿಜವಾದ ಬಂಧು ನಮ್ಮ ನಾಡಿನ ವೃತ್ತಿ ನಾಟಕ ಕಂಪನಿಯೇ ಆಗಿದೆ. ಎರಡರಲ್ಲೂ ಮಾಲೀಕನನ್ನು ಕಾಡಿದ ಪ್ರಶ್ನೆ ಒಂದೇ: ಪ್ರೇಕ್ಷಕರು ಹಣ ಕೊಟ್ಟು ಬರುವುದು ಕಂಪನಿಯ ಫಲಕ ನೋಡಿಯೋ, ನಟನ ಮುಖ ನೋಡಿಯೋ?

2. ಅಮೆರಿಕದ ಎರಡು ಕುಸ್ತಿ ಕಂಪನಿಗಳ ಪೈಪೋಟಿ

1990ರ ದಶಕದಲ್ಲಿ ವಿನ್ಸ್ ಮೆಕ್‌ಮಹನ್ ಒಡೆತನದ ಡಬ್ಲ್ಯು.ಡಬ್ಲ್ಯು.ಎಫ್. (2002ರಿಂದ ಡಬ್ಲ್ಯು.ಡಬ್ಲ್ಯು.ಇ.) ಹಾಗೂ ಟೆಡ್ ಟರ್ನರ್ ಅವರ ಸಮೂಹಕ್ಕೆ ಸೇರಿದ ಡಬ್ಲ್ಯು.ಸಿ.ಡಬ್ಲ್ಯು. ನಡುವೆ ತೀವ್ರ ಸ್ಪರ್ಧೆ ನಡೆಯಿತು. 1995ರ ಸೆಪ್ಟೆಂಬರ್ 4ರಂದು ಡಬ್ಲ್ಯು.ಸಿ.ಡಬ್ಲ್ಯು. ತನ್ನ ಸೋಮವಾರದ ಕಾರ್ಯಕ್ರಮವನ್ನು ಆರಂಭಿಸಿದ ದಿನವೇ, ಅಲ್ಲಿಯವರೆಗೆ ಎದುರು ಕಂಪನಿಯಲ್ಲಿದ್ದ ಲೆಕ್ಸ್ ಲೂಗರ್ ಅನಿರೀಕ್ಷಿತವಾಗಿ ಅಲ್ಲಿ ಕಾಣಿಸಿಕೊಂಡರು. ಅನಂತರದ ವರ್ಷಗಳಲ್ಲಿ ಎರಡೂ ಕಡೆಗೆ ಅನೇಕರು ಹೋದರು, ಬಂದರು. ಅವರಲ್ಲಿ ಕೆಲವರು ಬೆಳೆದರು, ಕೆಲವರು ಮಸುಕಾದರು. ಈ ವ್ಯತ್ಯಾಸದಲ್ಲಿಯೇ ನಮಗೆ ಬೇಕಾದ ಪಾಠವಿದೆ.

(ಅ) ಹೆಸರು ಉಳಿಯಿತು, ಮನುಷ್ಯ ಹೋದ: ಸ್ಕಾಟ್ ಹಾಲ್ ಮತ್ತು ಕೆವಿನ್ ನ್ಯಾಶ್ ಅವರು ಡಬ್ಲ್ಯು.ಡಬ್ಲ್ಯು.ಎಫ್.ನಲ್ಲಿ ರೇಜರ್ ರಮೋನ್ ಹಾಗೂ ಡೀಸಲ್ ಎಂಬ ಪಾತ್ರಗಳಿಂದ ಪ್ರಸಿದ್ಧರಾಗಿದ್ದರು. 1996ರಲ್ಲಿ ಅವರು ಡಬ್ಲ್ಯು.ಸಿ.ಡಬ್ಲ್ಯು.ಗೆ ಹೋದಾಗ ಪಾತ್ರಗಳ ಹೆಸರು ಹಳೆಯ ಕಂಪನಿಯಲ್ಲೇ ಉಳಿಯಿತು. ಹೊಸ ಕಂಪನಿ ಆ ಪಾತ್ರಗಳ ಛಾಯೆಯನ್ನು ಬಳಸಿಕೊಳ್ಳುತ್ತಿದೆ ಎಂದು ಹಳೆಯ ಕಂಪನಿ ದಾವೆ ಹೂಡಿತು. ಅಷ್ಟೇ ಅಲ್ಲದೆ ಅದೇ ವರ್ಷ ಬೇರೆ ಇಬ್ಬರಿಗೆ ಅವೇ ಹೆಸರು, ಅದೇ ವೇಷ ತೊಡಿಸಿ ಕಣಕ್ಕಿಳಿಸಿತು. ಪ್ರೇಕ್ಷಕರು ಅವರನ್ನು ಒಪ್ಪಲಿಲ್ಲ. ಇತ್ತ ಹಾಲ್ ಮತ್ತು ನ್ಯಾಶ್ ಸ್ವಂತ ಹೆಸರಿನಲ್ಲಿಯೇ, 1994ರಲ್ಲಿ ಅಲ್ಲಿಗೆ ಬಂದಿದ್ದ ಹಲ್ಕ್ ಹೋಗನ್ ಜೊತೆ ಸೇರಿ, ಡಬ್ಲ್ಯು.ಸಿ.ಡಬ್ಲ್ಯು.ವನ್ನು ಸತತ 83 ವಾರ ವೀಕ್ಷಕರ ಸಂಖ್ಯೆಯಲ್ಲಿ ಮುಂದಿರಿಸಿದರು. ಗಮನಾರ್ಹ ಸಂಗತಿಯೆಂದರೆ, ಡೀಸಲ್ ವೇಷ ತೊಟ್ಟು ವಿಫಲನಾದ ಗ್ಲೆನ್ ಜೇಕಬ್ಸ್ ಮರುವರ್ಷ ಕೇನ್ ಎಂಬ ಹೊಸ ಪಾತ್ರದಲ್ಲಿ ಬಂದು ದೊಡ್ಡ ಯಶಸ್ಸು ಪಡೆದರು. ಹೋದವನ ಕುರ್ಚಿಯಲ್ಲಿ ಇನ್ನೊಬ್ಬನನ್ನು ಕೂರಿಸಿ ಅವನಂತೆಯೇ ಮಾಡು ಎನ್ನುವುದು ವ್ಯರ್ಥ. ಹೊಸಬನಿಗೆ ಅವನದೇ ಕೆಲಸ ಕೊಟ್ಟಾಗ ಫಲ ಸಿಗುತ್ತದೆ.

(ಆ) ಹೆಸರೂ ಹೋಯಿತು, ಸ್ಥಾನ ಸಿಗಲಿಲ್ಲ: ಬ್ರೆಟ್ ಹಾರ್ಟ್ ಅವರೊಡನೆ 20 ವರ್ಷಗಳ ಕರಾರು ಮಾಡಿಕೊಂಡಿದ್ದ ಡಬ್ಲ್ಯು.ಡಬ್ಲ್ಯು.ಎಫ್. ಮರುವರ್ಷವೇ ಆ ಭಾರ ಹೊರಲಾಗದೆ ಅವರನ್ನು ಬಿಟ್ಟುಕೊಟ್ಟಿತು. 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ನಡೆದ ಅವರ ಕೊನೆಯ ಪಂದ್ಯ, ಅವರಿಗೆ ತಿಳಿಸದೆಯೇ ಫಲಿತಾಂಶ ಬದಲಿಸಿದ ಕಾರಣ ಇಂದಿಗೂ ವಿವಾದದ ವಸ್ತು. ಅವರ ಹೆಸರು ಅವರದೇ, ಕೌಶಲ ಪ್ರಶ್ನಾತೀತ. ಆದರೂ ಡಬ್ಲ್ಯು.ಸಿ.ಡಬ್ಲ್ಯು. ಅವರಿಗೆ ತಕ್ಕ ಕಥೆಯನ್ನು ಒದಗಿಸಲಿಲ್ಲ. 1999ರ ಕೊನೆಯಲ್ಲಿ ತಲೆಗೆ ಬಿದ್ದ ಪೆಟ್ಟು ಅವರ ವೃತ್ತಿಯನ್ನೇ ಮುಗಿಸಿತು. ದುಬಾರಿ ಬೆಲೆಗೆ ಕೊಂಡ ಸರಕನ್ನು ಎಲ್ಲಿಡಬೇಕೆಂದು ತಿಳಿಯದ ವ್ಯಾಪಾರಿಯ ಸ್ಥಿತಿ ಇದಕ್ಕೆ ಸಮಾನ.

(ಇ) ಹೆಸರು, ಕೌಶಲ, ಸ್ಥಾನ ಮೂರೂ ಕೂಡಿದವು: ಕ್ರಿಸ್ ಜೆರಿಕೊ ಡಬ್ಲ್ಯು.ಸಿ.ಡಬ್ಲ್ಯು.ನಲ್ಲಿ ಮಧ್ಯಮ ಸಾಲಿನಲ್ಲೇ ಉಳಿದಿದ್ದರು. 1999ರ ಆಗಸ್ಟ್‌ನಲ್ಲಿ ಎದುರು ಕಂಪನಿ ಸೇರಿ, 2001ರ ಡಿಸೆಂಬರ್‌ನಲ್ಲಿ ಎರಡೂ ಪರಂಪರೆಯ ಪಟ್ಟಗಳನ್ನು ಒಂದೇ ರಾತ್ರಿ ಗೆದ್ದವರೆನಿಸಿದರು. 2019ರಲ್ಲಿ ಸ್ಥಾಪನೆಯಾದ ಎ.ಇ.ಡಬ್ಲ್ಯು. ಎಂಬ ಹೊಸ ಕಂಪನಿಗೆ ಹೋಗಿ ಅಲ್ಲಿನ ಮೊದಲ ವಿಶ್ವ ಚಾಂಪಿಯನ್ ಆದರು. ಮೂರೂ ಮನೆಗಳಲ್ಲಿ ಅದೇ ಹೆಸರು, ಅದೇ ಮಾತಿನ ಚಾತುರ್ಯ. ಅವರ ಬಂಡವಾಳ ಯಾವ ಮಾಲೀಕನ ಗೋದಾಮಿನಲ್ಲೂ ಇರಲಿಲ್ಲ.

ಇಷ್ಟಾದರೂ ಜನರನ್ನು ಸೆಳೆದ ಡಬ್ಲ್ಯು.ಸಿ.ಡಬ್ಲ್ಯು. ಉಳಿಯಲಿಲ್ಲ. ಖಾತರಿ ಸಂಬಳದ ದೀರ್ಘ ಕರಾರುಗಳು, ಕಥೆಯ ಮೇಲೆ ಹಿರಿಯ ಜಟ್ಟಿಗಳಿಗೆ ಕೊಟ್ಟ ಹಿಡಿತ, ಕುಸಿದ ಆದಾಯ ಮುಂತಾದ ಕಾರಣಗಳಿಂದ ಅದು ಸೊರಗಿತು. 2001ರ ಮಾರ್ಚ್‌ನಲ್ಲಿ ಅದನ್ನು ಪ್ರತಿಸ್ಪರ್ಧಿಯೇ ಕೊಂಡುಕೊಂಡಿತು. ಎದುರಾಳಿಯ ಆಳುಗಳನ್ನು ಕೊಳ್ಳುವುದು ಬೇರೆ, ವ್ಯಾಪಾರವನ್ನು ಕಟ್ಟುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

3. ಗುಬ್ಬಿ ಕಂಪನಿಯ ನಿದರ್ಶನ

1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ಗುಬ್ಬಿ ವೀರಣ್ಣನವರ (1891-1972) ಕಾಲದಲ್ಲಿ ನಾಡಿನ ಅತಿ ದೊಡ್ಡ ವೃತ್ತಿ ನಾಟಕ ಸಂಸ್ಥೆಯಾಗಿ ಬೆಳೆಯಿತು. ರಂಗಮಂದಿರ, ಪರದೆ, ಉಡುಪು, ಆನೆ-ಕುದುರೆಗಳನ್ನೇ ವೇದಿಕೆಗೆ ತಂದ 'ಕುರುಕ್ಷೇತ್ರ'ದಂಥ ಅದ್ದೂರಿ ಪ್ರಯೋಗ ಇವೆಲ್ಲ ಕಂಪನಿಯ ಸ್ವತ್ತು. ನಟನೊಬ್ಬ ಬಿಟ್ಟು ಹೋದರೆ ಇವಾವುವೂ ಅವನೊಡನೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಕಂಠ, ಅಭಿನಯ ಮತ್ತು ಕಲಿತ ಶಿಸ್ತು.

ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಕಂಪನಿಯ ನಟರು. ಅವರ ಮಗ ಮುತ್ತುರಾಜ್ ಬಾಲಕನಾಗಿಯೇ ಅಲ್ಲಿ ಸೇರಿದರು. ಮುಂದೆ ತಂದೆ-ಮಗ ಮೈಸೂರಿನ ಸುಬ್ಬಯ್ಯ ನಾಯ್ಡು ಅವರ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಗೆ ಹೋದರು. 'ಬಭ್ರುವಾಹನ' ನಾಟಕದ ಅರ್ಜುನನಂಥ ಪ್ರಧಾನ ಪಾತ್ರ ಮುತ್ತುರಾಜರಿಗೆ ದೊರೆತದ್ದು ಅಲ್ಲಿ. 1951ರಲ್ಲಿ ತಂದೆ ತೀರಿಕೊಂಡ ಬಳಿಕ ಅವರು ಮತ್ತೆ ಗುಬ್ಬಿ ಕಂಪನಿಗೆ ಬಂದರು. ಹಳೆಯ ಮನೆಯ ಬಾಗಿಲು ಮುಚ್ಚಿರಲಿಲ್ಲ. 1954ರಲ್ಲಿ ಗುಬ್ಬಿ ವೀರಣ್ಣನವರ ಚಿತ್ರಸಂಸ್ಥೆಯ ಸಹಯೋಗದಲ್ಲಿ ತಯಾರಾದ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ, ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರಿಟ್ಟ ರಾಜಕುಮಾರ್ ಎಂಬ ಹೆಸರಿನಿಂದ ನಾಯಕರಾದರು. ಬಿಟ್ಟು ಹೋದ ಬಾಲನಟ ಬೇರೆಡೆ ಪಳಗಿ ಹಿಂದಿರುಗಿದ್ದರಿಂದ ಲಾಭವಾದದ್ದು ಮೂಲ ಸಂಸ್ಥೆಗೇ. ಹೊಸ ಹೆಸರನ್ನು ಯಾರೂ ತಮ್ಮ ಸ್ವತ್ತೆಂದು ಕಟ್ಟಿಹಾಕದ ಕಾರಣ ಅದು ಮುಂದೆ ಇಡೀ ಕನ್ನಡ ಚಿತ್ರೋದ್ಯಮಕ್ಕೇ ಬಂಡವಾಳವಾಯಿತು.

ಬಿ.ವಿ. ಕಾರಂತರ ಪ್ರಸಂಗವೂ ಇಲ್ಲಿ ಸ್ಮರಣೀಯ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ ಅವರನ್ನು ವೀರಣ್ಣನವರು ತಾವೇ ಉನ್ನತ ವ್ಯಾಸಂಗಕ್ಕಾಗಿ ಬನಾರಸಿಗೆ ಕಳುಹಿಸಿದರು. ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನ ರಂಗಾಯಣವನ್ನು ಕಟ್ಟಿದರು. ಸಮರ್ಥನನ್ನು ಬಿಟ್ಟುಕೊಟ್ಟ ಮಾಲೀಕನ ಹೆಸರು ಇಂದಿಗೂ ಆ ಕಥೆಯೊಡನೆ ಬರುತ್ತದೆ. ಇದೂ ಒಂದು ಬಗೆಯ ಸುನಾಮವೇ.

ಇನ್ನೂ ಹಿಂದಕ್ಕೆ ಹೋದರೆ, ಅರಳಗುಪ್ಪೆಯ ಹೊಯ್ಸಳ ಶೈಲಿಯ ಚೆನ್ನಕೇಶವ ದೇವಾಲಯದಲ್ಲಿ ಹೊನೋಜ ಎಂಬ ಶಿಲ್ಪಿಯ ಹೆಸರಿದೆ. ಅದೇ ಯುಗದ ಮಲ್ಲಿತಮ್ಮನ ಹೆಸರು ಅಮೃತಾಪುರ, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿ ಕಾಣುತ್ತದೆ. ಕಟ್ಟಿಸಿದವರು ಬೇರೆ ಬೇರೆ, ಕೆತ್ತಿದವನ ಹೆಸರು ಒಂದೇ. ದೇವಾಲಯ ಒಡೆಯನದು, ಉಳಿಯ ಕೆಲಸದ ಕೀರ್ತಿ ಶಿಲ್ಪಿಯದು ಎಂಬ ವಿಭಜನೆ ಈ ನೆಲಕ್ಕೆ ಹಳೆಯದು.

4. ಯಶಸ್ವಿಯಾಗಿ ಹೋಗಬಲ್ಲವರು ಯಾರು?

ಮೇಲಿನ ನಿದರ್ಶನಗಳಿಂದ ನಾಲ್ಕು ಪರೀಕ್ಷೆಗಳನ್ನು ರೂಪಿಸಬಹುದು.

ಒಂದು: ಗ್ರಾಹಕರು ಅವನನ್ನು ಅವನ ಹೆಸರಿನಿಂದ ಬಲ್ಲರೋ, ಸಂಸ್ಥೆಯ ಹೆಸರಿನಿಂದ ಬಲ್ಲರೋ?
ಎರಡು: ಅವನ ಕೌಶಲ ಅವನ ಕೈಯಲ್ಲಿದೆಯೋ, ಸಂಸ್ಥೆಯ ಯಂತ್ರ, ಸಾಲದ ಸೌಲಭ್ಯ, ಜೊತೆಗಾರರ ಬಲದಲ್ಲಿದೆಯೋ?
ಮೂರು: ಸೇರಲಿರುವ ಸಂಸ್ಥೆಯಲ್ಲಿ ಅವನಿಗೆ ನಿಶ್ಚಿತ ಸ್ಥಾನವಿದೆಯೋ, ಎದುರಾಳಿಯನ್ನು ಕುಂದಿಸಲೆಂದಷ್ಟೇ ಕರೆದಿದ್ದಾರೋ?
ನಾಲ್ಕು: ಕರಾರಿನ ಅವಧಿ ಮುಗಿದಿದೆಯೋ ಇಲ್ಲವೋ?

ನಾಲ್ಕಕ್ಕೂ ಅನುಕೂಲಕರ ಉತ್ತರವಿದ್ದವನು ಹೊಸ ಜಾಗದಲ್ಲಿ ನಿಲ್ಲುತ್ತಾನೆ. ಮಾಲೀಕನು ಭಯಪಡಬೇಕಾದುದೂ, ಮರ್ಯಾದೆಯಿಂದ ಉಳಿಸಿಕೊಳ್ಳಬೇಕಾದುದೂ ಇಂಥವನನ್ನೇ. ಮೊದಲ ಎರಡಕ್ಕೆ ಪ್ರತಿಕೂಲ ಉತ್ತರವಿದ್ದವನು ಹೊರಟಾಗ ಸಂಸ್ಥೆ ಗಾಬರಿಗೊಂಡು ಸಂಬಳ ಏರಿಸುವ ಅವಶ್ಯಕತೆಯಿಲ್ಲ.

5. ಕಾನೂನಿನ ನಿಲುವು

ಈ ವಿಷಯದ ಮೂಲ ಮೊಕದ್ದಮೆಯೂ ರಂಗಭೂಮಿಯದೇ ಎಂಬುದು ಸ್ವಾರಸ್ಯಕರ. ಜೋಹಾನಾ ವ್ಯಾಗ್ನರ್ ಎಂಬ ಗಾಯಕಿ ಲಂಡನ್ನಿನ ಲಮ್ಲಿ ಎಂಬವರ ರಂಗಮಂದಿರದಲ್ಲಿ ಮೂರು ತಿಂಗಳು ಹಾಡಲು, ಆ ಅವಧಿಯಲ್ಲಿ ಬೇರೆಡೆ ಹಾಡದಿರಲು ಒಪ್ಪಿದ್ದರು. ಎದುರಾಳಿ ಮಾಲೀಕ ಗೈ ಹೆಚ್ಚು ಹಣದ ಆಸೆ ತೋರಿಸಿದರು. 1852ರಲ್ಲಿ ನ್ಯಾಯಾಲಯವು, ಆಕೆಯನ್ನು ಬಲವಂತದಿಂದ ಹಾಡಿಸಲಾಗದು, ಆದರೆ ಕರಾರಿನ ಅವಧಿಯಲ್ಲಿ ಬೇರೆಡೆ ಹಾಡದಂತೆ ತಡೆಯಬಹುದು ಎಂದು ತೀರ್ಪಿತ್ತಿತು. ಕರಾರು ಮುರಿಯುವಂತೆ ತಿಳಿದೂ ಪ್ರೇರೇಪಿಸುವವನು ಹಾನಿಗೆ ಹೊಣೆ ಎಂಬ ತತ್ತ್ವ ಮರುವರ್ಷ ಗೈ ವಿರುದ್ಧದ ಮೊಕದ್ದಮೆಯಲ್ಲಿ ಸ್ಥಾಪಿತವಾಯಿತು.

ಭಾರತದಲ್ಲಿ ಪರಿಸ್ಥಿತಿ ಹೀಗಿದೆ:

(1) 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಯಾವುದೇ ವ್ಯಕ್ತಿಯನ್ನು ನ್ಯಾಯಸಮ್ಮತ ವೃತ್ತಿ, ವ್ಯಾಪಾರ ಅಥವಾ ಉದ್ಯೋಗದಿಂದ ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧು. ವ್ಯಾಪಾರದ ಸುನಾಮವನ್ನು ಮಾರಿದವನ ಮೇಲೆ ಮಿತವಾದ ನಿರ್ಬಂಧ ಹಾಕಲು ಅವಕಾಶವಿದೆ. ನಿವೃತ್ತ ಪಾಲುದಾರರ ವಿಷಯದಲ್ಲಿ 1932ರ ಪಾಲುದಾರಿಕೆ ಕಾಯ್ದೆಯಲ್ಲೂ ಇಂಥ ವಿನಾಯಿತಿಯಿದೆ.

(2) ಕರಾರಿನ ಅವಧಿಯೊಳಗಿನ ನಿರ್ಬಂಧ ಊರ್ಜಿತ. ನಿರಂಜನ ಶಂಕರ ಗೋಲಿಕರಿ ಪ್ರಕರಣದಲ್ಲಿ (1967), ಐದು ವರ್ಷದ ಕರಾರಿನ ನಡುವೆ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದ ನೌಕರನ ಮೇಲಿನ ತಡೆಯಾಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

(3) ಅವಧಿ ಮುಗಿದ ಬಳಿಕದ ನಿರ್ಬಂಧ ನಿಲ್ಲುವುದಿಲ್ಲ. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ ಮಾರ್ಕ್ ಸಂಸ್ಥೆಯ ನಡುವಿನ ಪ್ರಕರಣದಲ್ಲಿ (2006) ಕರಾರು ಮುಗಿದ ಮೇಲೂ ಅವರನ್ನು ಕಟ್ಟಿಹಾಕುವ ಷರತ್ತು ಊರ್ಜಿತವಾಗಲಿಲ್ಲ.

(4) ಕನಿಷ್ಠ ಸೇವಾವಧಿಯ ಬಾಂಡ್ ಸಮಂಜಸವಾಗಿದ್ದರೆ ಮಾನ್ಯ. ವಿಜಯ ಬ್ಯಾಂಕ್ ಪ್ರಕರಣದಲ್ಲಿ (2025) ಮೂರು ವರ್ಷ ಪೂರೈಸದೆ ಬಿಟ್ಟ ಅಧಿಕಾರಿಯಿಂದ 2 ಲಕ್ಷ ರೂಪಾಯಿ ಪಡೆಯುವ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಾಯಿ ಸುಲಿಯುವವರಿಗೆ, ಕೊಬ್ಬರಿ ಒಡೆಯುವವರಿಗೆ ಮುಂಗಡ ಕೊಟ್ಟು, ತೀರುವವರೆಗೆ ಬೇರೆಲ್ಲೂ ದುಡಿಯಕೂಡದು ಎಂದು ಹೇಳುವುದು ಸಾಮಾನ್ಯ ವ್ಯವಹಾರದಂತೆ ತೋರಬಹುದು. ಮುಂಗಡದ ಕಾರಣದಿಂದ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ ಕಸಿಯುವುದು 1976ರ ಜೀತ ಪದ್ಧತಿ (ರದ್ದಿಯಾತಿ) ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ, ಕಾರಾಗೃಹ ವಾಸಕ್ಕೂ ಎಡೆಯಿದೆ. ಮುಂಗಡವನ್ನು ಸಾಲವೆಂದು ಬರೆದು, ಕೂಲಿಯಿಂದ ಒಪ್ಪಿದ ಕಂತಿನಲ್ಲಿ ಮುರಿದುಕೊಂಡು, ಹೋಗುವವನಿಗೆ ಹೋಗುವ ಹಕ್ಕು ಉಳಿಸುವುದೇ ಸುರಕ್ಷಿತ ಮಾರ್ಗ, ನ್ಯಾಯದ ಮಾರ್ಗವೂ ಹೌದು.

6. ಲೆಕ್ಕಪತ್ರದ ನಿಲುವು

ಅಗೋಚರ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 26, ನುರಿತ ಸಿಬ್ಬಂದಿಯನ್ನು ಸಾಮಾನ್ಯವಾಗಿ ಆಸ್ತಿಯೆಂದು ತೋರಿಸಲು ಅವಕಾಶ ಕೊಡುವುದಿಲ್ಲ. ಅವರಿಂದ ಲಾಭವಿದ್ದರೂ ಅವರ ಮೇಲೆ ಸಂಸ್ಥೆಗೆ ಸಾಕಷ್ಟು ನಿಯಂತ್ರಣವಿಲ್ಲ ಎಂಬುದೇ ಅದರ ತರ್ಕ. ಒಳಗೇ ಬೆಳೆದ ಸುನಾಮಕ್ಕೂ ಪುಸ್ತಕದಲ್ಲಿ ಸ್ಥಾನವಿಲ್ಲ. ಪುಸ್ತಕದಲ್ಲಿ ತೋರಿಸಲಾಗದಿದ್ದರೂ ಮಾಲೀಕನು ತನ್ನ ತಿಳಿವಿಗಾಗಿ ಲೆಕ್ಕ ಹಾಕಬಹುದು. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

ಒಂದು ಮಂಡಿಗೆ 60 ರೈತರು ತಲಾ 20 ಕ್ವಿಂಟಲ್‌ನಂತೆ ವರ್ಷಕ್ಕೆ 1,200 ಕ್ವಿಂಟಲ್ ಕೊಬ್ಬರಿ ತರುತ್ತಾರೆ. ಖರ್ಚು ಕಳೆದು ಕ್ವಿಂಟಲಿಗೆ 200 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ಒಬ್ಬ ರೈತನಿಂದ ವಾರ್ಷಿಕ ಉಳಿಕೆ 4,000 ರೂ. ಗುಮಾಸ್ತನಿಗೆ ಎದುರು ಮಂಡಿಯವರು ತಿಂಗಳಿಗೆ 10,000 ರೂ. ಹೆಚ್ಚು ಕೊಡುತ್ತೇವೆಂದಿದ್ದಾರೆ. ಅಷ್ಟನ್ನೇ ಕೊಟ್ಟು ಉಳಿಸಿಕೊಳ್ಳಲು ವರ್ಷಕ್ಕೆ 1,20,000 ರೂ. ಬೇಕು. ಇದನ್ನು 4,000ದಿಂದ ಭಾಗಿಸಿದರೆ 30. ಎಂದರೆ, 30ಕ್ಕಿಂತ ಹೆಚ್ಚು ರೈತರು ಅವನ ಹಿಂದೆ ಹೋಗುವಂತಿದ್ದರೆ ಮಾತ್ರ ಕೇಳಿದಷ್ಟು ಕೊಡುವುದು ಲಾಭಕರ. ಹೊಸಬನನ್ನು ತರಬೇತುಗೊಳಿಸಲು, ಅವನ ತಪ್ಪು ದರ್ಜೆಯಿಂದಾಗುವ ನಷ್ಟಕ್ಕೆ 40,000 ರೂ. ಹಿಡಿದರೆ, ಮೊದಲ ವರ್ಷದ ಮಟ್ಟಿಗೆ ಈ ಸಂಖ್ಯೆ 20ಕ್ಕೆ ಇಳಿಯುತ್ತದೆ.

ಉಳಿದದ್ದು ತಿಳಿವಳಿಕೆಯ ಪ್ರಶ್ನೆ. ರೈತರು ಬರುವುದು ಗುಮಾಸ್ತನ ಮಾತಿಗೋ, ಸರಿಯಾದ ತೂಕ, ಹೊತ್ತಿಗೆ ಸರಿಯಾದ ಪಾವತಿ, ಕಷ್ಟಕಾಲದ ಕೈಗಡಕ್ಕೋ? ಎರಡನೆಯದಾದರೆ ಅವರು ಮಂಡಿಯ ಗ್ರಾಹಕರು, ಹೋಗಲಾರರು. ಮಾಲೀಕನು ವರ್ಷಗಟ್ಟಲೆ ರೈತನ ಮುಖ ನೋಡದೆ ಎಲ್ಲವನ್ನೂ ಗುಮಾಸ್ತನಿಗೇ ಬಿಟ್ಟಿದ್ದರೆ ಅವರು ಗುಮಾಸ್ತನ ಗ್ರಾಹಕರು. ಅದರ ಹೊಣೆ ಗುಮಾಸ್ತನದಲ್ಲ.

7. ಅನುಸರಿಸಬಹುದಾದ ಕ್ರಮಗಳು

(1) ಸಂಸ್ಥೆಗೆ ಸೇರಿದ ಖಾತೆ, ರೈತರ ವಿವರ, ದರದ ಮಾಹಿತಿ, ವ್ಯಾಪಾರ ಮುದ್ರೆಗಳನ್ನು ಸಂಸ್ಥೆಯ ದಾಖಲೆಯಲ್ಲೇ ಇಟ್ಟುಕೊಳ್ಳುವುದು.
(2) ಪ್ರಮುಖ ಸಿಬ್ಬಂದಿಯೊಡನೆ ಅವಧಿ, ಮುನ್ಸೂಚನೆ, ಗೋಪ್ಯತೆ ಕುರಿತು ಲಿಖಿತ ಒಪ್ಪಂದ ಮಾಡಿಕೊಳ್ಳುವುದು. ಮುನ್ಸೂಚನೆಯ ಅವಧಿಗೆ ಪೂರ್ಣ ಸಂಬಳ ಕೊಡುವುದು. ಡಬ್ಲ್ಯು.ಡಬ್ಲ್ಯು.ಇ. ಕೂಡ ತಾನು ಬಿಟ್ಟುಕೊಟ್ಟ ಜಟ್ಟಿಗಳನ್ನು ಹಲವು ಬಾರಿ 90 ದಿನ ತಡೆದದ್ದು ಹಣ ಕೊಟ್ಟೇ.
(3) ಒಂದೇ ಕೆಲಸವನ್ನು ಬಲ್ಲ ಇಬ್ಬರನ್ನು ತಯಾರು ಮಾಡುವುದು.
(4) ಸೆಳೆಯುವ ಮುನ್ನ ಎದುರು ಸಂಸ್ಥೆಯ ಕರಾರು ಮುಗಿದಿದೆಯೇ ಎಂದು ವಿಚಾರಿಸುವುದು. ಬಂದವನಿಗೆ ಯಾವ ಕೆಲಸ ಎಂಬುದನ್ನು ಬರುವ ಮೊದಲೇ ನಿರ್ಧರಿಸುವುದು.
(5) ಹೋಗುವವನ ಬಾಕಿಯನ್ನು ಕೊನೆಯ ದಿನವೇ ಚುಕ್ತಾ ಮಾಡಿ, ಸೇವಾ ಪತ್ರ ಕೊಟ್ಟು ಕಳುಹಿಸುವುದು.

ಉಪಸಂಹಾರ

ಕೊನೆಯ ಕ್ರಮವು ಕೇವಲ ಸೌಜನ್ಯವಲ್ಲ. ಕೋಡಿ ರೋಡ್ಸ್ ಎಂಬ ಜಟ್ಟಿ 2016ರಲ್ಲಿ ಡಬ್ಲ್ಯು.ಡಬ್ಲ್ಯು.ಇ. ಬಿಟ್ಟಾಗ ರೋಡ್ಸ್ ಎಂಬ ಉಪನಾಮವನ್ನು ಕಣದಲ್ಲಿ ಬಳಸಲಾಗಲಿಲ್ಲ, ಅದರ ಮುದ್ರೆಯ ಹಕ್ಕು ಕಂಪನಿಯದಾಗಿತ್ತು. ಬರಿಯ ಕೋಡಿ ಎಂಬ ಹೆಸರಿನಲ್ಲೇ ದುಡಿದು, ಎ.ಇ.ಡಬ್ಲ್ಯು. ಸ್ಥಾಪನೆಯಲ್ಲಿ ಪಾತ್ರ ವಹಿಸಿದರು. 2022ರಲ್ಲಿ ಅದೇ ಹಳೆಯ ಕಂಪನಿ ಅವರನ್ನು ಪೂರ್ಣ ಹೆಸರಿನೊಡನೆ ಬರಮಾಡಿಕೊಂಡಿತು. 2024ರಲ್ಲಿ ಅವರು ಅಲ್ಲಿನ ಅತ್ಯುನ್ನತ ಪಟ್ಟ ಗೆದ್ದರು. ಮುತ್ತುರಾಜರು ಗುಬ್ಬಿ ಕಂಪನಿಗೆ ಹಿಂದಿರುಗಿದ್ದಕ್ಕೂ ಇದಕ್ಕೂ ದೇಶ-ಕಾಲಗಳ ಅಂತರವಿದ್ದರೂ ವ್ಯವಹಾರ ತತ್ತ್ವ ಒಂದೇ.

ಸಾರಾಂಶವಾಗಿ, ಕೌಶಲವೂ ಸ್ವಂತ ಹೆಸರೂ ಮನುಷ್ಯನವು. ಅವಕ್ಕೆ ತಕ್ಕ ಬೆಲೆ ಕೊಡಬೇಕು. ವ್ಯವಸ್ಥೆ, ದಾಖಲೆ ಮತ್ತು ರೈತನ ವಿಶ್ವಾಸ ಸಂಸ್ಥೆಯವು. ಅವನ್ನು ಮಾಲೀಕನೇ ಖುದ್ದಾಗಿ ಕಾಯಬೇಕು. ಮೊದಲನೆಯದನ್ನು ಕಟ್ಟಿಹಾಕಲು ಹೊರಟು ಎರಡನೆಯದನ್ನು ಮರೆತ ಸಂಸ್ಥೆ ಎರಡನ್ನೂ ಕಳೆದುಕೊಳ್ಳುತ್ತದೆ. ಈ ಸಾಲಿನ ಲೆಕ್ಕ ಮುಗಿಸುವ ಮುನ್ನ ಪ್ರತಿಯೊಬ್ಬ ವ್ಯಾಪಾರಸ್ಥರೂ ತಮ್ಮ ಸಂಸ್ಥೆಯ ಪ್ರಮುಖ ಮೂವರ ಹೆಸರು ಬರೆದು, ಮೇಲಿನ ನಾಲ್ಕು ಪರೀಕ್ಷೆಗಳನ್ನು ಅನ್ವಯಿಸಿ ನೋಡುವುದು ಒಳಿತು.